ಹರಕತ್ ಹಾಕುವ ಕೆಲಸ: ಈ ಸಲ ಮೀನು, ಹಾಲು, ಮರಸೇಬು

ಹರಕತ್ ಇಲ್ಲದ ಅರಬ್ಬಿ ಗದ್ಯ ತೆಗೆದುಕೊಂಡು ನಾನೇ ಹರಕತ್ ಹಾಕುವ ಕೆಲಸ ಮುಂದುವರಿದಿದೆ. ಹೊಸದಾಗಿ ಓದುವವರಿಗೆ: ಅ, ಇ, ಉ ಎಂಬ ಹ್ರಸ್ವ ಸ್ವರಗಳನ್ನು ಅರಬ್ಬಿಯಲ್ಲಿ ಅಕ್ಷರದ ಮೇಲೋ ಕೆಳಗೋ ಸಣ್ಣ ಗುರುತಾಗಿ ಹಾಕುತ್ತಾರೆ. ಅವೇ ಹರಕತ್. ಕುರ್‌ಆನ್‌ನಲ್ಲಿ, ಮಕ್ಕಳ ಪುಸ್ತಕಗಳಲ್ಲಿ ಇರುತ್ತವೆ. ಪೇಪರ್‌ನಲ್ಲಿ, ಕಾದಂಬರಿಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ.

ಪದದ ಒಳಗಿನ ಸ್ವರಗಳು ಈಗ ಅಷ್ಟು ಕಾಡುತ್ತಿಲ್ಲ, ನಿಘಂಟು ಇದೆ. ತಲೆನೋವು ಇರುವುದು ಕೊನೆಯ ಸ್ವರದಲ್ಲಿ. ವಾಕ್ಯದಲ್ಲಿ ಆ ಪದಕ್ಕೆ ಏನು ಕೆಲಸ ಅಂತ ತಿಳಿದರೆ ಮಾತ್ರ ಅದು ಸಿಗುತ್ತದೆ. ಇದಕ್ಕೆ ಇಅರಾಬ್ ಅನ್ನುತ್ತಾರೆ. ಸಾಮಾನ್ಯವಾಗಿ ಕರ್ತೃವಿಗೆ ಉ, ಕರ್ಮಕ್ಕೆ ಅ, ಷಷ್ಠಿಗೆ ಇ. ನಮ್ಮ ವಿಭಕ್ತಿಯ ಥರವೇ, ಆದರೆ ಕಣ್ಣಿಗೆ ಕಾಣುವುದಿಲ್ಲ. ಕನ್ನಡದಲ್ಲಿ ಓದಿ ಅರ್ಥ ಮಾಡಿಕೊಳ್ಳುತ್ತೇವೆ. ಇಲ್ಲಿ ಅರ್ಥ ಮಾಡಿಕೊಂಡ ಮೇಲೇ ಸರಿಯಾಗಿ ಓದಲು ಬರುತ್ತದೆ.

ಈ ವಾರ ಹೆಚ್ಚುಕಮ್ಮಿ ಒಂದೇ ವಾಕ್ಯಕ್ಕೆ ಹೋಯಿತು. ವ್ಯಾಕರಣ ಪುಸ್ತಕಗಳ ಹಳೇ ಉದಾಹರಣೆ ಅದು: ‘ಲಾ ತಅಕುಲಿ ಸ್ಸಮಕ ವ ತಶ್ರಬ್... ಲ್ಲಬನ’. ಮೀನು ಮತ್ತು ಹಾಲಿನ ವಿಷಯ, ‘ತಶ್ರಬ್’ನ ಕೊನೆಯ ಸ್ವರ ಏನು ಅನ್ನುವುದೇ ಪ್ರಶ್ನೆ. ‘ತಶ್ರಬಿ’ ಅಂತ ಓದಿದರೆ, ಮೀನೂ ತಿನ್ನಬೇಡ, ಹಾಲೂ ಕುಡಿಯಬೇಡ. (ಅಲ್ಲಿ ನಿಜಕ್ಕೂ ಸ್ವರವೇ ಇಲ್ಲ, ಅಂದರೆ ಸುಕೂನ್. ಮುಂದೆ ‘ಅಲ್’, ಅಂದರೆ ಇಂಗ್ಲಿಷಿನ the ಥರದ ಪದ, ಬಂದಿದ್ದಕ್ಕೆ ಇ ಸೇರಿಕೊಂಡಿದೆ.) ‘ತಶ್ರಬ’ ಅಂದರೆ ಎರಡನ್ನೂ ಒಟ್ಟಿಗೆ ಬೇಡ, ಬೇರೆ ಬೇರೆಯಾಗಿ ಅಡ್ಡಿಯಿಲ್ಲ. ‘ತಶ್ರಬು’ ಅಂದರೆ ಮೀನು ಬೇಡ, ಹಾಲು ಬೇಕಾದರೆ ಕುಡಿ. ಬರೆದ ಅಕ್ಷರ ಮೂರರಲ್ಲೂ ಒಂದೇ! ಮೀನು, ಹಾಲು ಒಟ್ಟಿಗೆ ಬೇಡ ಅನ್ನುವ ಮಾತು ನಮ್ಮ ಮನೆಗಳಲ್ಲೂ ಇದೆಯಲ್ವಾ, ಹಾಗಾಗಿ ನನ್ನ ಕೈ ತಾನಾಗಿ ‘ತಶ್ರಬ’ ಕಡೆಗೇ ಹೋಗುತ್ತದೆ.

ಇನ್ನೊಂದು ಜೋಡಿ ಇದಕ್ಕೆ ಉಲ್ಟಾ. ಮೂಸಾ, ಈಸಾ ಎಂಬ ಹೆಸರುಗಳು ದೀರ್ಘ ಆಕಾರದಲ್ಲಿ ಮುಗಿಯುತ್ತವೆ, ಕೊನೆಯ ಸ್ವರ ಬದಲಾಗುವುದೇ ಇಲ್ಲ. ಹಾಗಾಗಿ ‘ದರಬ ಮೂಸಾ ಈಸಾ’ ಅಂದರೆ ಹೊಡೆದವನು ಮೂಸಾ. ಮೊದಲು ಬಂದವನೇ ಕರ್ತೃ. ಆದರೆ ‘ಅಕಲ ಲ್ಕುಮ್ಮಥ್ರಾ ಮೂಸಾ’ ನೋಡಿ. ತಿಂದ, ಮರಸೇಬು, ಮೂಸಾ. ಮರಸೇಬಿನ ಪದವೂ ಆಕಾರಾಂತ, ಮೊದಲು ಬಂದಿದ್ದೂ ಅದೇ. ಆದರೂ ವೈಯಾಕರಣರು ಇದಕ್ಕೆ ತಕರಾರು ಮಾಡಲಿಲ್ಲ. ಮರಸೇಬು ಮೂಸಾನನ್ನು ತಿನ್ನಲಾರದು!

ಜೊತೆಗೆ ಅಬ್ದುಲ್ ಕಾಹಿರ್ ಅಲ್‌ಜುರ್ಜಾನಿ ಎಂಬ ಹಳೇ ವೈಯಾಕರಣನ ವಿಚಾರಗಳನ್ನೂ ಸ್ವಲ್ಪ ಸ್ವಲ್ಪ ಓದುತ್ತಿದ್ದೇನೆ. 1078ರ ಹೊತ್ತಿಗೆ ತೀರಿಕೊಂಡವನು. ಬಿಡಿ ಪದಕ್ಕೆ ಹೆಚ್ಚುಗಾರಿಕೆ ಇಲ್ಲ, ವ್ಯಾಕರಣದ ಸಂಬಂಧಗಳಲ್ಲಿ ಪದಗಳು ಹೇಗೆ ಕೂಡಿಕೊಳ್ಳುತ್ತವೆ ಅನ್ನುವುದರಲ್ಲೇ ಎಲ್ಲ ಇದೆ ಎಂದು ವಾದಿಸಿದವನು. ಈ ಜೋಡಣೆಗೆ ಅವನು ಬಳಸಿದ ಹೆಸರು ನಝ್ಮ್. ಅವನು ಕೊಡುವ ಒಂದು ಜೋಡಿ: ‘ಅ ಫಅಲ್ತ?’ ಮತ್ತು ‘ಅ ಅಂತ ಫಅಲ್ತ?’ ಮೊದಲನೆಯದು “ನೀನು ಮಾಡಿದೆಯಾ?” ಕೆಲಸ ಆಯಿತೋ ಇಲ್ಲವೋ ಅನ್ನುವುದೇ ಅನುಮಾನ. ಎರಡನೆಯದು “ನೀನಾ ಮಾಡಿದ್ದು?” ಕೆಲಸ ಆಗಿದೆ, ಯಾರು ಅಂತ ಗೊತ್ತಾಗಬೇಕು. ಅರಬ್ಬಿಯಲ್ಲಿ ಅನುಮಾನ ಇರುವ ಪದ ಪ್ರಶ್ನೆಯ ‘ಅ’ ಪಕ್ಕಕ್ಕೆ ಬರುತ್ತದೆ. ಕನ್ನಡದಲ್ಲಿ ಪ್ರಶ್ನೆಯ ‘ಆ’ ಆ ಪದದ ಹತ್ತಿರ ಹೋಗಿ ಅಂಟುತ್ತದೆ. ಇದಕ್ಕೆ ಇಂಗ್ಲಿಷ್ ವಿವರಣೆಗಳು ಪುಟಗಟ್ಟಲೆ ಸುತ್ತುತ್ತವೆ. ನಮಗೆ ಅಷ್ಟೆಲ್ಲಾ ಬೇಕಿಲ್ಲ.

ದಿನದ ಮಾತಿನಲ್ಲಿ ಅರಬರೇ ಈ ಕೊನೆಯ ಸ್ವರಗಳನ್ನು ಬಿಟ್ಟಿದ್ದಾರೆ. ಭಾಷಣ ಓದುವಾಗ ಅನುಮಾನ ಬಂದರೆ ಅವರಲ್ಲಿ ಒಂದು ತಮಾಷೆಯ ಸಲಹೆ ಇದೆ: ‘ಸಕ್ಕಿನ್ ತಸ್ಲಮ್’. ಸುಕೂನ್ ಹಾಕು, ಬಚಾವಾಗು. ನನ್ನ ಪ್ರಾಜೆಕ್ಟ್‌ನಲ್ಲಿ ಅದಕ್ಕೆ ಅನುಮತಿ ಇಲ್ಲ. ಮುಂದಿನದು ಪೇಪರ್‌ನ ಒಂದು ಸಂಪಾದಕೀಯ. ಮೊದಲ ವಾಕ್ಯವೇ ಮೂರು ಸಾಲು ಇದೆ, ಕರ್ತೃ ಎಲ್ಲಿದ್ದಾನೆ ಅಂತ ಇನ್ನೂ ಹುಡುಕುತ್ತಿದ್ದೇನೆ.