ಶೇಕಡಾ 38ರ ಕಥೆ

ಹಲವು ಕಂಪ್ಯೂಟರುಗಳನ್ನು ಒಂದಾಗಿ ದುಡಿಸುವುದು ಹೇಗೆಂದು ಕಲಿಸುವ ಡಿಸ್ಟ್ರಿಬ್ಯೂಟೆಡ್ ಸಿಸ್ಟಮ್ಸ್ ಕೋರ್ಸಿನಲ್ಲಿ ವಾರಕ್ಕೆರಡು ಸಂಶೋಧನಾ ಪೇಪರ್ ಓದಬೇಕಿತ್ತು. ಒಂದೊಂದಕ್ಕೂ ಒಂದು ಪುಟದ ಕ್ರಿಟಿಕ್, ಅಂದರೆ ವಿಮರ್ಶೆ. ಸೆಮಿಸ್ಟರಿನ ಕೊನೆಗೆ ಒಂದು ಪ್ರಾಜೆಕ್ಟು, ಅದಕ್ಕೆ ಆರು ಪುಟದ ರಿಪೋರ್ಟು. ಕೋಡ್ ಬರೆಯೋಣ ಅಂತ ಸೇರಿದರೆ ಪ್ರಬಂಧ ಬರೆಸುತ್ತಾರಲ್ಲ ಎಂದು ಮೊದಲ ವಾರವೇ ಗೊಣಗಿದ್ದೆ.

ಮೊದಲ ಕ್ರಿಟಿಕ್ 2003ರ ಗೂಗಲ್ ಫೈಲ್ ಸಿಸ್ಟಮ್ ಪೇಪರಿನ ಮೇಲೆ. ದೊಡ್ಡ ಫೈಲುಗಳನ್ನು ಹಲವು ಕಂಪ್ಯೂಟರುಗಳಲ್ಲಿ ಹಂಚಿಡುವ ಗೂಗಲ್ಲಿನ ವ್ಯವಸ್ಥೆ ಅದು. ಫೈಲುಗಳನ್ನು 64 ಎಂಬಿ ತುಂಡುಗಳಾಗಿ ಒಡೆಯುತ್ತಾರೆ, ಪ್ರತಿ ತುಂಡಿಗೂ ಮೂರು ಪ್ರತಿ ಇಡುತ್ತಾರೆ, ಯಾವ ತುಂಡು ಎಲ್ಲಿದೆ ಎಂಬುದನ್ನು ‘ಮಾಸ್ಟರ್’ ಎಂಬ ಒಂದು ಕಂಪ್ಯೂಟರ್ ನೋಡಿಕೊಳ್ಳುತ್ತದೆ... ಹೀಗೆ ಮುಕ್ಕಾಲು ಪುಟ ಪೇಪರನ್ನೇ ಮತ್ತೆ ಹೇಳಿದ್ದೆ. ಕೊನೆಗೆ ‘ಒಂದೇ ಮಾಸ್ಟರ್ ಇರುವುದರಿಂದ ಅಲ್ಲಿ ಅಡಚಣೆಯಾಗುತ್ತದೆ’ ಎಂದು ಒಂದು ಸಾಲು. ಹತ್ತಕ್ಕೆ ನಾಲ್ಕು ಬಂತು. ಪಕ್ಕದಲ್ಲಿ ಪಾಠ ಮಾಡುವ ಮೇಡಂ ಬರೆದ ಕೆಂಪಕ್ಷರ: ‘ಪೇಪರಿನಲ್ಲಿ ಏನಿದೆ ಅಂತ ನನಗೂ ಗೊತ್ತು. ಅಡಚಣೆ ಅಂದಿರಲ್ಲ, ಯಾವ ಲೆಕ್ಕದಲ್ಲಿ?’

ಲೆಕ್ಕ ಎಲ್ಲಿತ್ತು ನನ್ನ ಹತ್ತಿರ! ಆ ಸಾಲನ್ನು ಸೀನಿಯರ್ ಒಬ್ಬರ ಹಳೇ ಕ್ರಿಟಿಕ್‌ನಿಂದ ಎತ್ತಿಕೊಂಡಿದ್ದೆ. ಸಿಟ್ಟಿನಿಂದಲೇ ಪೇಪರ್ ತೆಗೆದು ಕೂತೆ. ಪ್ರತಿ 64 ಎಂಬಿ ತುಂಡಿಗೆ ಮಾಸ್ಟರ್ ಇಟ್ಟುಕೊಳ್ಳುವ ಮಾಹಿತಿ 64 ಬೈಟಿಗಿಂತ ಕಡಿಮೆ ಎಂದು ಅದರಲ್ಲೇ ಬರೆದಿದ್ದರು. ಒಂದು ಟೆರಾಬೈಟಿಗೆ 16,384 ತುಂಡು. ತಲಾ 64 ಬೈಟ್ ಅಂದರೂ ಒಟ್ಟು ಒಂದು ಎಂಬಿ. ನೂರು ಟೆರಾಬೈಟಿಗೂ ನೂರೇ ಎಂಬಿ ಸಾಕು, ಅದು ಮೆಮೊರಿಯಲ್ಲೇ ಕೂರುತ್ತದೆ. ಸಾಲದ್ದಕ್ಕೆ ಡೇಟಾ ಅಂತೂ ಮಾಸ್ಟರ್ ಮೂಲಕ ಹಾದುಹೋಗುವುದೇ ಇಲ್ಲ. ಮತ್ತೆಲ್ಲಿಯ ಅಡಚಣೆ? ಎಷ್ಟೋ ವರ್ಷ ಕಳೆದು, ಫೈಲುಗಳ ಸಂಖ್ಯೆ ವಿಪರೀತ ಬೆಳೆದ ಮೇಲೆ, ಒಂದು ಮಾಸ್ಟರ್ ಸಾಲದೆಂದು ಗೂಗಲ್ಲೇ ಒಪ್ಪಿಕೊಂಡಿತು ನಿಜ. ಹಾಗೆ ನೋಡಿದರೆ ನನ್ನ ಸಾಲು ಸುಳ್ಳಲ್ಲ. ಆದರೆ ಅದು ನನ್ನದೂ ಅಲ್ಲವಲ್ಲ.

ಆ ರಾತ್ರಿಯೇ ಆ ಪೇಪರಿನ ಕೊನೆಯ ಭಾಗದ ಗ್ರಾಫುಗಳನ್ನು ಮೊದಲ ಸಲ ಸರಿಯಾಗಿ ನೋಡಿದ್ದು. 16 ಕ್ಲೈಂಟುಗಳು, ಅಂದರೆ ಈ ವ್ಯವಸ್ಥೆಯನ್ನು ಬಳಸುವ ಕಂಪ್ಯೂಟರುಗಳು, ಒಟ್ಟಿಗೆ ಬರೆದಾಗ ಸೆಕೆಂಡಿಗೆ 35 ಎಂಬಿ. ಆಗಬಹುದಾದ ಗರಿಷ್ಠ 67. ಹತ್ತಿರತ್ತಿರ ಅರ್ಧ! ಇಷ್ಟು ನಿಧಾನ ನಮಗೂ ಇಷ್ಟವಿಲ್ಲ ಎಂದು ಲೇಖಕರೇ ಬರೆದುಕೊಂಡಿದ್ದಾರೆ. ಗೂಗಲ್ಲಿನವರು ಇದನ್ನು ಮುಚ್ಚಿಡದೆ ಬರೆದದ್ದು ನೋಡಿ ಆಶ್ಚರ್ಯವಾಗಿತ್ತು.

ಅಲ್ಲಿಂದ ನನ್ನ ಓದು ಹಿಂದುಮುಂದಾಯಿತು. ಪೇಪರನ್ನು ಮೂರು ಸುತ್ತಿನಲ್ಲಿ ಓದಿ ಅಂತ ಮೇಡಂ ಹೇಳಿದ್ದರು: ಮೊದಲು ಐದು ಹತ್ತು ನಿಮಿಷ ಶೀರ್ಷಿಕೆಗಳು, ಆಮೇಲೆ ತಿರುಳು, ಕೊನೆಗೆ ನಾವೇ ಆ ವ್ಯವಸ್ಥೆಯನ್ನು ಕಟ್ಟುವವರಂತೆ. ಮೂರನೇ ಸುತ್ತು ನಾನು ಮುಗಿಸಿದ್ದು ಇಡೀ ಸೆಮಿಸ್ಟರಿನಲ್ಲಿ ಎರಡೇ ಪೇಪರಿಗೆ. ಕಂಪ್ಯೂಟರ್ ವಿಜ್ಞಾನಿ ಲೆಸ್ಲಿ ಲ್ಯಾಂಪೋರ್ಟ್ 1978ರಲ್ಲಿ ಬರೆದ ಗಡಿಯಾರಗಳ ಪೇಪರ್ ಅದರಲ್ಲೊಂದು. ಎಂಟೇ ಪುಟ, ಮೂರು ರಾತ್ರಿ ತಿಂದಿತು. ಮಿಕ್ಕವಕ್ಕೆಲ್ಲ ನೇರ ಗ್ರಾಫಿಗೆ ಹೋಗುತ್ತಿದ್ದೆ. ಎಷ್ಟು ಸಲ ಓಡಿಸಿದ್ದಾರೆ? ಅಕ್ಷ ಸೊನ್ನೆಯಿಂದ ಶುರುವಾಗಿದೆಯೋ ಇಲ್ಲವೋ? ಯಾರ ಜೊತೆ ಹೋಲಿಸಿದ್ದಾರೆ? ಬೇರೆಯವರ ಗ್ರಾಫಿನಲ್ಲಿ ತೂತು ಹುಡುಕುವುದು, ಹೇಳಲು ನಾಚಿಕೆಯಾದರೂ, ಬಹಳ ಮಜಾ ಕೊಡುತ್ತಿತ್ತು.

ಪ್ರಾಜೆಕ್ಟಿನಲ್ಲಿ ನಾವು ಇಬ್ಬರು. ಪ್ರೋಗ್ರಾಮಿಗೆ ಮುಂದೆ ಬೇಕಾಗುವ ಫೈಲಿನ ಭಾಗಗಳನ್ನು ಮೊದಲೇ ಓದಿಟ್ಟುಕೊಳ್ಳುವ ಒಂದು ಸಾಫ್ಟ್‌ವೇರ್ ಪದರ ಕಟ್ಟಿದ್ದೆವು. ಓಡುವ ಸಮಯ ಶೇಕಡಾ 38 ಇಳಿಯಿತು. ರಿಪೋರ್ಟಿನ ಸಾರಾಂಶದ ಮೊದಲ ಸಾಲಿನಲ್ಲೇ ಆ 38 ಕೂತಿತ್ತು. ರಿಪೋರ್ಟು ಜೋಡಿಸುವ ಲೇಟೆಕ್ ಸಾಫ್ಟ್‌ವೇರಿನಲ್ಲಿ ಚಿತ್ರಗಳು ಹೇಳಿದಲ್ಲಿ ನಿಲ್ಲದೆ ಕಾಡಿಸಿದ್ದು ಬಿಟ್ಟರೆ ಎಲ್ಲ ಸಲೀಸಾಗಿತ್ತು.

ಕೊಡಬೇಕಾದ ಹಿಂದಿನ ದಿನ ಇನ್ನೊಂದು ತಂಡದವರೂ ನಾವೂ ಕರಡು ಅದಲುಬದಲು ಮಾಡಿಕೊಂಡೆವು. ಆ ತಂಡದ ಹುಡುಗಿ ನಮ್ಮ ಗ್ರಾಫಿನ ಪಕ್ಕ ಒಂದೇ ಸಾಲು ಬರೆದು ಕಳಿಸಿದ್ದಳು: ‘ಎರಡು ಓಟಗಳ ನಡುವೆ ಕ್ಯಾಶ್ ಖಾಲಿ ಮಾಡಿದ್ರಾ?’

ಮಾಡಿರಲಿಲ್ಲ. ಓಟಗಳನ್ನು ನಡೆಸುವ ಸ್ಕ್ರಿಪ್ಟ್ ತೆಗೆದು ನೋಡಿದೆವು. ಮೊದಲು ನಮ್ಮ ಪದರ ಇಲ್ಲದೆ, ಆಮೇಲೆ ಪದರ ಹಾಕಿ, ಅದೇ ಫೈಲಿನ ಮೇಲೆ ಓಡಿಸುತ್ತಿತ್ತು. ಮೊದಲ ಓಟದಲ್ಲಿ ಡಿಸ್ಕಿನಿಂದ ಓದಿದ್ದನ್ನು ಆಪರೇಟಿಂಗ್ ಸಿಸ್ಟಮ್ ಆದ ಲಿನಕ್ಸ್ ಮೆಮೊರಿಯಲ್ಲಿ ಉಳಿಸಿಕೊಂಡಿರುತ್ತದೆ. ಅದೇ ಕ್ಯಾಶ್. ಹಾಗಾಗಿ ಎರಡನೆಯವರು ಯಾರೇ ಬಂದರೂ ಗೆಲ್ಲುತ್ತಾರೆ. ಅನುಮಾನ ಪರಿಹಾರಕ್ಕೆ ಸರದಿ ತಿರುಗಿಸಿ ಓಡಿಸಿದೆವು. ನಮ್ಮ ಪದರವೇ ಸೋತಿತು.

ಜೊತೆಗಾರ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹೀಗೇ ಬಿಟ್ರೆ ಯಾರಿಗೆ ಗೊತ್ತಾಗತ್ತೆ ಕಣೋ?’ ಅಂದ.

‘ಅವಳಿಗೆ ಗೊತ್ತಾಗಿದೆಯಲ್ಲೋ.’

ನನ್ನ ಬಾಯಿಂದ ಬಂದದ್ದು ಅಷ್ಟೇ. ಪ್ರಾಮಾಣಿಕತೆಗಿಂತ ಭಯವೇ ಜಾಸ್ತಿ ಇತ್ತು ಆ ಮಾತಿನಲ್ಲಿ.

ಪ್ರತಿ ಓಟಕ್ಕೂ ಮೊದಲು ಕ್ಯಾಶ್ ಖಾಲಿ ಮಾಡಿಸಿ, ಹತ್ತತ್ತು ಸಲ ಓಡಿಸಿದೆವು. 38 ಹೋಗಿ 4 ಆಯಿತು. ಅದೂ ಒಂದೊಂದು ಓಟ ಒಂದೊಂದು ಥರ ಬಂದು, ಗ್ರಾಫಿನ ಎರಡು ಗೆರೆಗಳು ಒಂದರ ಮೇಲೊಂದು ಬೀಳುತ್ತಿದ್ದವು. ಅಂದರೆ ಆ ನಾಲ್ಕೂ ನಂಬುವಂಥದ್ದಲ್ಲ. ಕಾರಣ ಹುಡುಕುತ್ತ ಹೋದರೆ ಇನ್ನೊಂದು ಅವಮಾನ ಕಾದಿತ್ತು. ಫೈಲನ್ನು ಸಾಲಾಗಿ ಓದುತ್ತಿದ್ದಾರೆ ಎಂದು ಗೊತ್ತಾದರೆ ಮುಂದಿನ ಭಾಗವನ್ನು ಲಿನಕ್ಸಿನ ತಿರುಳಾದ ಕರ್ನೆಲ್ ತಾನೇ ಮೊದಲು ಓದಿಡುತ್ತದೆ. ಇರುವ ಕೆಲಸವನ್ನೇ ನಾವು ಮೂರು ತಿಂಗಳು ಮತ್ತೆ ಮಾಡಿದ್ದೆವು. ಸಾಲು ತಪ್ಪಿಸಿ, ನಮ್ಮ ಪದರಕ್ಕೆ ಮೊದಲೇ ಗೊತ್ತಿರುವ ಯದ್ವಾತದ್ವಾ ಕ್ರಮದಲ್ಲಿ ಓದಿದರೆ ಕರ್ನೆಲ್ಲಿಗೆ ಊಹಿಸಲಾಗದು, ಅಲ್ಲಿ ನಮಗೆ ಗೆಲುವಿರಬಹುದು ಎಂದು ಬೆಳಗಿನ ಜಾವ ನಾಲ್ಕಕ್ಕೆ ಹೊಳೆಯಿತು. ಓಡಿಸಿದರೆ 11 ಬಂತು. ಕುಣಿಯುವುದೊಂದು ಬಾಕಿ.

ಆಮೇಲೆ ರಿಪೋರ್ಟು ಮತ್ತೆ ಬರೆಯಬೇಕಾಯಿತು. 38ರ ಗ್ರಾಫನ್ನು ಕಿತ್ತು ಬಿಸಾಡಲು ಮನಸ್ಸಾಗದೆ, ಸರದಿ ತಿರುಗಿಸಿದ ಗ್ರಾಫಿನ ಪಕ್ಕಕ್ಕಿಟ್ಟು, ‘ನಮ್ಮ ಅಳತೆಯಲ್ಲಾದ ತಪ್ಪು’ ಎಂದು ಐದನೇ ಪುಟದಲ್ಲಿ ಅರ್ಧ ಪುಟ ಬರೆದೆವು. ಗಡುವಿಗೆ ಏಳು ನಿಮಿಷ ಇರುವಾಗ ಅಪ್‌ಲೋಡ್ ಆಯಿತು.

ಎರಡು ವಾರದ ನಂತರ ರಿಪೋರ್ಟು ವಾಪಸ್ ಬಂತು. ಆ ಅರ್ಧ ಪುಟದ ಪಕ್ಕ ‘ಇದು ಮೊದಲ ಪುಟದಲ್ಲಿ ಇರಬೇಕಿತ್ತು’ ಎಂದಿತ್ತು. ಮುಂದಿನ ಪುಟದಲ್ಲಿ ನಮ್ಮ 11ರ ಸುತ್ತ ಅದೇ ಕೆಂಪು ಇಂಕಿನ ವೃತ್ತ, ಕೆಳಗೆ ಎರಡು ಪದ: ‘ಮೂರೇ ಸಲವಾ?’