ಹೌದು ಅಂದರೆ ಕಾಯಿಲೆ, ಇಲ್ಲ ಅಂದರೆ ಸುಳ್ಳು

ಕಳೆದ ತಿಂಗಳು ಒಂದು ಕೆಲಸಕ್ಕೆ ಅರ್ಜಿ ಹಾಕಿದ್ದೆ. ಸಂದರ್ಶನಕ್ಕೆ ಮೊದಲು ಪರ್ಸನಾಲಿಟಿ ಟೆಸ್ಟ್ ಅಂತ ಒಂದು ಲಿಂಕ್ ಕಳಿಸಿದರು. ಮೊದಲ ಪುಟದಲ್ಲೇ ಸಿಕ್ಕಿಬಿದ್ದೆ. ಗಂಡು, ಹೆಣ್ಣು, ಎರಡರಲ್ಲಿ ಒಂದನ್ನ ಒತ್ತದೆ ಮುಂದೆ ಹೋಗೋ ಹಾಗಿಲ್ಲ. ನಾನು ಟ್ರಾನ್ಸ್ ಹೆಂಗಸು, ದಾಖಲೆಯಲ್ಲಿ ಇನ್ನೂ ಗಂಡು. ಹೆಣ್ಣು ಅಂತಲೇ ಒತ್ತಿದೆ.

ಸ್ವಲ್ಪ ಹೊತ್ತಿಗೆ ಇನ್ನೊಂದು ಪ್ರಶ್ನೆ ಬಂತು. ಜನ ನನ್ನನ್ನೇ ನೋಡುತ್ತಾರೆ ಅಂತ ಆಗಾಗ ಅನಿಸುತ್ತದೆಯಾ, ಹೌದೋ ಇಲ್ಲವೋ? ಅನಿಸೋದೇನು, ನೋಡ್ತಾರೆ! ಮೊನ್ನೆ ಬಸ್ಸಿನಲ್ಲಿ ಎದುರು ಕೂತಿದ್ದ ಹುಡುಗ ಪಕ್ಕದವನಿಗೆ ಮೊಣಕೈಯಲ್ಲಿ ತಿವಿದು ನನ್ನ ಕಡೆ ಗಲ್ಲ ಎತ್ತಿ ತೋರಿಸಿದ. ನಾನು ಇಳಿಯೋ ತನಕ ಇಬ್ಬರೂ ಮುಸಿಮುಸಿ ನಗುತ್ತಲೇ ಇದ್ದರು. ಇದನ್ನ ನಿಜ ಹೇಳಿದರೆ ಟೆಸ್ಟ್ ಲೆಕ್ಕದಲ್ಲಿ ನಾನು ಎಲ್ಲರನ್ನೂ ಸಂಶಯದಿಂದ ನೋಡೋ ಹೆಂಗಸು. ಕೆಲಸ ಬೇಕಿತ್ತು, ಇಲ್ಲ ಅಂತ ಒತ್ತಿದೆ.

ಇಂಥ ಟೆಸ್ಟ್‌ಗಳಲ್ಲಿ ಬರೋ ಅಂಕ ಬಹುಪಾಲು ಹೋಲಿಕೆಯ ಲೆಕ್ಕ. ಮೊದಲೇ ಒಂದಷ್ಟು ಜನರ ಉತ್ತರ ತೆಗೆದುಕೊಂಡು ಅದನ್ನೇ ಅಳತೆಗೋಲು ಮಾಡಿಕೊಂಡಿರುತ್ತಾರೆ. ಮಾನಸಿಕ ಆರೋಗ್ಯದಲ್ಲಿ ತುಂಬಾ ಬಳಸೋ ಎಂಎಂಪಿಐ ಅನ್ನೋ ಪರೀಕ್ಷೆಯ 567 ಪ್ರಶ್ನೆಗಳ ಎರಡನೇ ಆವೃತ್ತಿಯಲ್ಲಿ ಗಂಡಸರಿಗೆ ಒಂದು ಹೋಲಿಕೆ ಕೋಷ್ಟಕ, ಹೆಂಗಸರಿಗೆ ಇನ್ನೊಂದು. ಅದೇ ಉತ್ತರಗಳು, ಅದೇ ಮನುಷ್ಯ, ಕೋಷ್ಟಕ ಬದಲಾದರೆ ಅಂಕವೂ ಬದಲು. ಆಮೇಲೆ ಬಂದ ಆವೃತ್ತಿಗಳಲ್ಲಿ ಇಬ್ಬರಿಗೂ ಒಂದೇ ಕೋಷ್ಟಕ ಮಾಡಿದರು, ಅದು ಒಳ್ಳೇದೇ. ಆದರೆ ಆ ಕೋಷ್ಟಕದ ಹಿಂದಿರೋ ಜನರಲ್ಲಿ ನನ್ನಂಥವರು ಎಷ್ಟು ಜನ ಅನ್ನೋ ಪ್ರಶ್ನೆ ಹಾಗೇ ಉಳಿಯುತ್ತದೆ ಅಲ್ವಾ?

ಇದೇ ಪರೀಕ್ಷೆ 1940ರ ದಶಕದಲ್ಲಿ ಅಮೆರಿಕದಲ್ಲಿ ಶುರುವಾದಾಗ ಗಂಡಸುತನ-ಹೆಣ್ತನ ಅಳೆಯೋ ಒಂದು ಭಾಗ ಸೇರಿಸಿದ್ದರು. ಸಲಿಂಗಕಾಮಿ ಗಂಡಸರನ್ನ ಗುರುತಿಸೋದು ಅದರ ಉದ್ದೇಶ. ಅದಕ್ಕೆ ಆಧಾರ ಮಾಡಿಕೊಂಡ ಸಲಿಂಗಕಾಮಿ ಗಂಡಸರು ಬರೀ 13 ಜನ. ಹದಿಮೂರು! ಆ ಭಾಗ ದಶಕಗಳ ಕಾಲ ಹಾಗೇ ಇತ್ತು.

ನನಗೆ ಇಷ್ಟವಾಗೋ ಕಥೆ ಅಮೆರಿಕದ ಮನಶ್ಶಾಸ್ತ್ರಜ್ಞೆ ಎವೆಲಿನ್ ಹೂಕರ್ ಅವರದ್ದು. 30 ಗೇ ಗಂಡಸರು, 30 ಗೇ ಅಲ್ಲದವರು, ಎರಡೂ ಗುಂಪಿಗೆ ಒಂದೇ ಥರದ ಪರೀಕ್ಷೆಗಳನ್ನ ಕೊಟ್ಟು, ಯಾರು ಯಾರು ಅಂತ ಹೇಳದೆ ಉತ್ತರಗಳನ್ನ ಘಟಾನುಘಟಿ ತಜ್ಞರ ಮುಂದೆ ಇಟ್ಟರು. ಮಸಿ ಕಲೆ ತೋರಿಸಿ ಏನು ಕಾಣುತ್ತದೆ ಅಂತ ಕೇಳೋ ರೋರ್ಶಾಕ್ ಕೂಡ ಅದರಲ್ಲಿತ್ತು. ಆ ಮಸಿ ಕಲೆಯ ಉತ್ತರಗಳನ್ನ ನೋಡಿ ತಜ್ಞರಿಗೆ ಯಾರು ಗೇ ಅಂತ ಪತ್ತೆ ಹಚ್ಚೋಕೆ ಆಗಲೇ ಇಲ್ಲ. ಇದು ಅಚ್ಚಾಗಿದ್ದು 1957ರಲ್ಲಿ. ಅಮೆರಿಕದ ಮನೋವೈದ್ಯರ ಸಂಘ ಸಲಿಂಗಕಾಮವನ್ನ ಕಾಯಿಲೆಗಳ ಪಟ್ಟಿಯಿಂದ ತೆಗೆಯೋಕೆ ಮಾತ್ರ 1973 ಬರಬೇಕಾಯಿತು.

ನಮ್ಮಂಥವರಲ್ಲಿ ಆತಂಕ, ಬೇಸರ ಜಾಸ್ತಿ ಇರೋದು ಸುಳ್ಳಲ್ಲ. ದಿನಾ ಮೈಯೆಲ್ಲ ಕಣ್ಣಾಗಿ ಬದುಕಿದರೆ ಇನ್ನೇನಾಗುತ್ತದೆ? ಟೆಸ್ಟ್ ಅದನ್ನ ಸರಿಯಾಗೇ ಹಿಡಿಯಬಹುದು. ಆದರೆ ವರದಿ ಬರೆಯೋರು ಅದನ್ನ ನನ್ನ ಸ್ವಭಾವ ಅಂತ ಬರೆದುಬಿಡುತ್ತಾರೆ, ಬಸ್ಸಿನ ಹುಡುಗನ ಸ್ವಭಾವದ ಬಗ್ಗೆ ಒಂದು ಸಾಲೂ ಇರುವುದಿಲ್ಲ.

ಆ ಕಂಪನಿಗೆ ಮೇಲ್ ಹಾಕಿದೆ: ನನ್ನ ಅಂಕವನ್ನ ಯಾರ ಜೊತೆ ಹೋಲಿಸಿದಿರಿ? ಎರಡು ದಿನ ಬಿಟ್ಟು ಉತ್ತರ ಬಂತು. 'ಡಿಯರ್ ಸರ್' ಅಂತ ಶುರುವಾಗಿತ್ತು.