ತಾರಸಿಯೂ ಓಡುತ್ತಿದೆ

ಇಂದು ಸಂಜೆ ಬೆಂಗಳೂರಿನ ನಮ್ಮ ಮನೆಯ ತಾರಸಿಯಲ್ಲಿ ನಿಂತು ಮೊಬೈಲಿನಲ್ಲಿ ಅಕ್ಷಾಂಶ, ರೇಖಾಂಶಗಳನ್ನು ನೋಡುತ್ತಿದ್ದೆ. ಕೊನೆಯ ಅಂಕೆಗಳ ಸಣ್ಣ ತುಯ್ದಾಟವನ್ನು ಬಿಟ್ಟರೆ ಅವು ಕದಲಲಿಲ್ಲ. ಭೂಮಿಗೆ ಅಂಟಿಕೊಂಡು ಅದರೊಂದಿಗೇ ತಿರುಗುವ ನಿರ್ದೇಶಾಂಕ ವ್ಯವಸ್ಥೆಯಲ್ಲಿ ನಾನು ನಿಶ್ಚಲ. ಆದರೆ ಮೂಲಬಿಂದುವನ್ನು ಭೂಕೇಂದ್ರದಲ್ಲಿಯೇ ಉಳಿಸಿಕೊಂಡು, ಅಕ್ಷಗಳನ್ನು ದೂರದ ನಕ್ಷತ್ರಗಳ ಹಿನ್ನೆಲೆಯಲ್ಲಿ ಸ್ಥಿರವಾಗಿರಿಸಿದ ಇನ್ನೊಂದು ವ್ಯವಸ್ಥೆಯಲ್ಲಿ ಅಳೆದರೆ, ಇದೇ ತಾರಸಿ ಸೆಕೆಂಡಿಗೆ ಸುಮಾರು 450 ಮೀಟರ್ ವೇಗದಲ್ಲಿ ಪೂರ್ವಕ್ಕೆ ಓಡುತ್ತಿದೆ. ಉಪಗ್ರಹದ ಕಕ್ಷೆಯನ್ನು ಲೆಕ್ಕ ಹಾಕಲು ಈ ಎರಡನೆಯದೇ ಅನುಕೂಲ, ಏಕೆಂದರೆ ಅಲ್ಲಿ ನ್ಯೂಟನ್ನನ ನಿಯಮಗಳಿಗೆ ಕೋರಿಯಾಲಿಸ್‌ನಂತಹ ಚೌಕಟ್ಟು ತಿರುಗುವುದರಿಂದಷ್ಟೇ ಹುಟ್ಟುವ ತೋರಿಕೆಯ ಬಲಗಳ ಗೊಡವೆಯಿರುವುದಿಲ್ಲ. ದೂರದ ಬಾಹ್ಯಾಕಾಶ ನೌಕೆಗಳೊಂದಿಗೆ ಸಂಪರ್ಕವಿಡಲು ಇಸ್ರೋ ಬೆಂಗಳೂರಿನ ಹೊರಗಿನ ಬ್ಯಾಲಾಳಿನಲ್ಲಿ ನಿಲ್ಲಿಸಿರುವ 32 ಮೀಟರ್ ಆಂಟೆನಾವನ್ನು ಆಕಾಶದ ಯಾವ ದಿಕ್ಕಿಗೆ, ಎಷ್ಟು ಎತ್ತರಕ್ಕೆ ತಿರುಗಿಸಬೇಕೆಂದು ತಿಳಿಯಲು ಮಾತ್ರ ನೌಕೆಯ ಸ್ಥಾನವನ್ನು ಮೊದಲು ತಿರುಗುವ ಭೂಮಿಯ ಚೌಕಟ್ಟಿಗೆ, ಬಳಿಕ ಆಂಟೆನಾ ನಿಂತ ನೆಲದ ದಿಗಂತಕ್ಕೆ ಪರಿವರ್ತಿಸಿಕೊಳ್ಳಬೇಕು.

ನನಗೆ ಸೋಜಿಗವೆನಿಸಿದ್ದು ಇದಕ್ಕಿಂತ ಸಣ್ಣ ಸಂಗತಿ. ಜಿಪಿಎಸ್ ಸಂಕೇತವು ಉಪಗ್ರಹದಿಂದ ಮೊಬೈಲಿಗೆ ಬಂದು ತಲುಪಲು ಹಿಡಿಯುವ ಸುಮಾರು 0.07 ಸೆಕೆಂಡಿನಲ್ಲಿಯೇ ಈ ತಾರಸಿ 30 ಮೀಟರಿನಷ್ಟು ಜರುಗಿಬಿಟ್ಟಿರುತ್ತದೆ. ಆ ತಿರುಗುವಿಕೆಯ ತಿದ್ದುಪಡಿಯನ್ನು ಮೊಬೈಲ್ ಸದ್ದಿಲ್ಲದೆ ಮಾಡದಿದ್ದರೆ, ನಕ್ಷೆಯ ಮೇಲಿನ ನೀಲಿ ಚುಕ್ಕೆ ನನ್ನನ್ನು ಯಾರದೋ ಮನೆಯ ನೀರಿನ ಟ್ಯಾಂಕಿನ ಮೇಲೆ ನಿಲ್ಲಿಸುತ್ತಿತ್ತು.